ಅಲ್ಲಿ ತೊಳದ ಬಟ್ಳು, ಇಲ್ಲಿ ಮೇಜಿನ ಮೇಲೆ

ಕಳುದ ವಾರ ಹೊತ್ತಪ್ಪಗ ಆಚಮನೆ ಅಕ್ಕ ಬಂದಿತ್ತಿದ್ದವು. ಚಾಯ ಕುಡುದಾತು, ಹಲಸಿನಕಾಯಿ ಹಪ್ಪಳ ಹೊರುದು ಕೊಟ್ಟದನ್ನೂ ತಿಂದಾತು, ಆದರೂ ಏಳ್ತವಿಲ್ಲೆ. ಎಂತದೋ ಹೇಳ್ಲಿದ್ದು ಹೇಳಿ ಎನಗೆ ಅಂದಾಜಾತು. ಅಕೇರಿಗೆ ಬಾಯಿಬಿಟ್ಟವು. ಅವರ ಮಗಳಿಂಗೆ ಕಾಲೇಜಿಂದ ಒಂದು ಸೆಮಿಸ್ಟರ್ ಜರ್ಮನಿಲಿ ಓದುಲೆ ಅವಕಾಶ ಬಯಿಂದಡ. ಬಪ್ಪ ಅಕ್ಟೋಬರಿಂಗೆ ಹೋಪದು, ಮಾರ್ಚಿಂಗೆ ಬಪ್ಪದು. ಮನೆಲಿ ಅಜ್ಜಿಗೆ ಮನಸ್ಸಿಲ್ಲೆ. ಅಪ್ಪ ಅತ್ಲಾಗಿಯೂ ಹೇಳ್ತವಿಲ್ಲೆ, ಇತ್ಲಾಗಿಯೂ ಹೇಳ್ತವಿಲ್ಲೆ. "ನಿಂಗಳ ಮಾಣಿ ಹೋಗಿ ಬಯಿಂದನ್ನೆ, ಕೂಸಿನ ಕಳುಸುಲೆ ಅಕ್ಕೊ?" ಹೇಳಿ ಕೇಳಿದವು.

ಎನಗೆ ಕೂಡ್ಲೆ ಉತ್ತರ ಬಾಯಿಗೆ ಬಯಿಂದಿಲ್ಲೆ. ಎಂತಕೆ ಹೇಳಿರೆ ಅದೇ ಹೊತ್ತಿಂಗೆ ಎನ್ನ ಕಣ್ಣು ಊಟದ ಮೇಜಿನ ಹೊಡೆಂಗೆ ಹೋತು. ಮಗ ಮಧ್ಯಾಹ್ನ ಉಂಡಿಕ್ಕಿ ಎದ್ದ ಬಟ್ಳು ಅಲ್ಲೇ ಇತ್ತು. ಕೊದಿಲು ಒಣಗಿ ಅಂಟಿತ್ತು. ಆರು ತಿಂಗಳು ಡ್ರೆಸ್ಡನಿಲಿ ತನ್ನ ಬಟ್ಳು ತಾನೇ ತೊಳದ ಮಾಣಿಯ ಬಟ್ಳು ಅದು.

ಈ ಶುದ್ದಿ ಬರೆಯೆಕ್ಕು ಹೇಳಿ ಸುಮಾರು ದಿನಂದ ಗ್ರೇಶಿಗೊಂಡಿತ್ತಿದ್ದೆ. ಎನ್ನ ತಪ್ಪೂ ಇದರಲ್ಲಿ ಇಪ್ಪ ಕಾರಣ ಮನಸ್ಸು ಹಿಂದೆಮುಂದೆ ಮಾಡಿಗೊಂಡಿತ್ತು. ಈಗ ಅಕ್ಕ ಕೇಳಿದ ಮೇಲೆ ಬರೆತ್ತೆ. ಎನ್ನ ಅಭಿಪ್ರಾಯ ಸುರುವಿಂಗೇ ಹೇಳಿಬಿಡ್ತೆ. ಹೆರದೇಶಲ್ಲಿ ಒಂದು ಸೆಮಿಸ್ಟರ್ ಕಳಿವಲೆ ದಿನನಿತ್ಯ ಬೇಕಪ್ಪದು ನಾವು ಕೂಸುಗೊಕ್ಕೆ ಸಣ್ಣಾಗಿಪ್ಪಗಳೇ ಕಲುಶುವ ಕೆಲಸಂಗೊ. ಆದರೆ ನಾವು ಧೈರ್ಯಲ್ಲಿ ಕಳುಸುದು ಆ ಕೆಲಸ ಒಂದನ್ನೂ ಕಲುಶದ್ದ ಮಾಣಿಯಂಗಳ. ಕಲ್ತವರ ಮನೆಲಿ ಕೂರುಸುತ್ತು.

ಮಗ ಹೋದ್ದು 2024ರ ಸೆಪ್ಟೆಂಬರ್ ಅಕೇರಿಗೆ, ಇಂಜಿನಿಯರಿಂಗಿನ ಏಳನೇ ಸೆಮಿಸ್ಟರಿಂಗೆ. ಅಲ್ಲಿ ವರ್ಷಕ್ಕೆ ಎರಡು ಸೆಮಿಸ್ಟರ್. ಚಳಿಗಾಲದ್ದು ಅಕ್ಟೋಬರಿಂದ ಮಾರ್ಚ್, ಬೇಸಗೆದು ಎಪ್ರಿಲಿಂದ ಸೆಪ್ಟೆಂಬರ್. ಕಾಲೇಜು-ಕಾಲೇಜಿನ ಒಪ್ಪಂದಲ್ಲಿ ಹೋದ ಕಾರಣ ಅಲ್ಲಿ ಪಾಠದ ಫೀಸಿಲ್ಲೆ. ಫೀಸಿಲ್ಲೆ ಹೇಳಿ ಆನು ಖುಷಿಲಿ ಕೂದೊಂಡಿಪ್ಪಗ ಇವು 'ಬ್ಲಾಕ್ಡ್ ಅಕೌಂಟ್' ಹೇಳಿ ಒಂದರ ತೆಗದವು. ಅಲ್ಲಿ ಇಪ್ಪಷ್ಟು ತಿಂಗಳ ಖರ್ಚಿನ ಪೈಸೆ ಇದ್ದು ಹೇಳಿ ವೀಸಾಕ್ಕೆ ತೋರುಸೆಕ್ಕು. ಎಂಗೊ ಕಟ್ಟುವಗ ತಿಂಗಳಿಂಗೆ 934 ಯೂರೋ ಇತ್ತು, 2024ರ ಸೆಪ್ಟೆಂಬರಿಂದ 992 ಆತು. ಆರು ತಿಂಗಳಿಂಗೆ ಲೆಕ್ಕ ಹಾಕಿರೆ ಐದು ಲಕ್ಷ ರೂಪಾಯಿಯ ಮೇಲೆ. ಪೈಸೆ ನಮ್ಮದೇ, ಆದರೆ ಆ ತಿಂಗಳಿಂದ್ದರ ಬಿಟ್ಟು ಹೆಚ್ಚು ತೆಗವಲೆ ಬಿಡವು. ಎನ್ನ ಅತ್ತೆ ಬೆಲ್ಲದ ಡಬ್ಬಿ ಮಡಗುವ ಕವಾಟಿನ ಬೀಗದಕೈ ಸೊಂಟಲ್ಲಿ ಸಿಕ್ಕುಸಿಗೊಂಡಿತ್ತಿದ್ದವು, ಅದೇ ನೆಂಪಾತು.

ಅವ ಹೋಪಲೆ ಎರಡು ವಾರ ಇಪ್ಪಗ, ಸೆಪ್ಟೆಂಬರ್ 11ಕ್ಕೆ, ಡ್ರೆಸ್ಡನಿನ ಕರೋಲಾ ಸಂಕದ ಒಂದು ಭಾಗ ಕುಸುದು ಎಲ್ಬೆ ಹೊಳೆಗೆ ಬಿದ್ದತ್ತು. ನೆಡು ಇರುಳಾದ ಕಾರಣ ಆರಿಂಗೂ ಎಂತೂ ಆಯಿದಿಲ್ಲೆ. ಆನು ಆ ವೀಡಿಯ ಎಷ್ಟು ಸರ್ತಿ ನೋಡಿದ್ದೆ ಹೇಳಿ ಲೆಕ್ಕ ಇಲ್ಲೆ. "ಆ ಸಂಕಲ್ಲಿ ಹೋಗೆಡ" ಹೇಳಿ ಮಗನತ್ರೆ ಹೇಳಿದೆ. "ಅದು ಬಿದ್ದಾತನ್ನೆ ಅಮ್ಮಾ, ಇನ್ನು ಹೇಂಗೆ ಹೋಪದು?" ಹೇಳಿದ.

ಬ್ಯಾಗು ಕಟ್ಟುದರಲ್ಲಿ ಆದರೂ ಆನು ಹುಷಾರಿ ಹೇಳಿ ಗ್ರೇಶಿತ್ತಿದ್ದೆ. ಅದರಲ್ಲಿಯೂ ಸೋಲು. ಮನೆಲೇ ಕಾಸಿದ ತುಪ್ಪ ಎರಡು ಕುಪ್ಪಿ ತುಂಬುಸಿ ಮಡಗಿತ್ತಿದ್ದೆ, ಯುರೋಪಿಂಗೆ ಹಾಲು, ತುಪ್ಪ, ಹಾಲಿನ ಸ್ವೀಟು ಒಂದೂ ಬ್ಯಾಗಿಲಿ ಕೊಂಡೋಪಲಾಗಡ. ಹಸಿ ಬೇನ್ಸೊಪ್ಪಿಂಗೆ ಸರ್ಟಿಫಿಕೇಟ್ ಬೇಕಡ. ಹಣ್ಣುಗಳಲ್ಲಿ ಅನನಾಸು, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ದುರಿಯನ್ ಈ ಐದಕ್ಕೆ ಮಾಂತ್ರ ಸರ್ಟಿಫಿಕೇಟ್ ಬೇಡ. ತೆಂಗಿನಕಾಯಿ ಅಕ್ಕನ್ನೆ ಹೇಳಿ ಒಣ ಕೊಬ್ಬರಿ ತೆಗದೆ. ಕೊಬ್ಬರಿಲಿ ಎಣ್ಣೆ ಇಪ್ಪ ಕಾರಣ ಕಿಚ್ಚು ಹಿಡಿಗು ಹೇಳಿ ಅದರ ವಿಮಾನಲ್ಲೇ ಹಾಕುಲೆ ಬಿಡ್ತವಿಲ್ಲೆ. ಅಕೇರಿಗೆ ಹೋದ್ದು ಸಾರಿನ ಹೊಡಿ, ಕೊದಿಲಿನ ಹೊಡಿ, ಉಪ್ಪಿನಕಾಯಿ, ಹಪ್ಪಳ, ಅವಲಕ್ಕಿ, ಒಂದು ಮೂರು ಲೀಟರಿನ ಕುಕ್ಕರು. ಇದೆಲ್ಲ ಹಾಕಿಕೊಟ್ಟೆ, ಆದರೆ ಕುಕ್ಕರಿನ ಮುಚ್ಚಲು ಹೇಂಗೆ ಹಾಕುದು ಹೇಳಿ ಅವಂಗೆ ಗೊಂತಿದ್ದೊ ಹೇಳಿ ಕೇಳ್ಲೇ ಇಲ್ಲೆ. ಇಪ್ಪತ್ತೊಂದು ವರ್ಷ ಆ ಅಡಿಗೆ ಕೋಣೆಯ ಬಾಗಿಲಿಲಿ ನಿಂದು "ಆತೊ ಅಮ್ಮಾ?" ಹೇಳಿ ಕೇಳಿದ ಮಾಣಿ ಅವ. ಒಳ ಬಂದದು ಕಮ್ಮಿ.

ಹಾಸ್ಟೆಲ್ ಹೇಳಿರೆ ಎನ್ನ ತಲೆಲಿ ಇತ್ತಿದ್ದದು ನಮ್ಮ ಊರಿನ ಹಾಸ್ಟೆಲ್. ಮೆಸ್ ಇರ್ತು, ವಾರ್ಡನ್ ಇರ್ತವು, ಹೊತ್ತಿಂಗೆ ಬಳುಸುತ್ತವು. ಅಲ್ಲಿ ಹಾಂಗಲ್ಲ. ನಾಲ್ಕು ಕೋಣೆ, ನಾಲ್ಕು ಜೆನ, ಎಡೆಲಿ ಒಂದು ಅಡಿಗೆ ಕೋಣೆ, ಒಂದು ಬಚ್ಚಲು. ಬೇಶುವವು ಇಲ್ಲೆ, ಉಡುಗುವವು ಇಲ್ಲೆ. ಯುನಿವರ್ಸಿಟಿಲಿ ಮೆನ್ಸಾ ಹೇಳಿ ಊಟದ ಜಾಗೆ ಇದ್ದು, ಮಕ್ಕೊಗೆ ಕಮ್ಮಿ ಕ್ರಯಕ್ಕೆ ಊಟ ಸಿಕ್ಕುತ್ತು, ಸಸ್ಯಾಹಾರವೂ ಇರ್ತು. ಮಧ್ಯಾಹ್ನಕ್ಕೆ ಅದು ಆತು. ಉದಿಯಪ್ಪಗಂಗೆ? ಇರುಳಿಂಗೆ? ಆದಿತ್ಯವಾರಕ್ಕೆ?

ಆದಿತ್ಯವಾರದ ಕತೆ ಹೇಳೆಕ್ಕು. ಜರ್ಮನಿಲಿ ಆದಿತ್ಯವಾರ ಅಂಗಡಿಗೊ ಬಾಗಿಲು ಹಾಕುತ್ತವು, ಅದು ಕಾನೂನು. ರೈಲ್ವೆ ಸ್ಟೇಶನಿನ ಅಂಗಡಿಯೋ ಪೆಟ್ರೋಲ್ ಬಂಕೋ ಹೀಂಗೆ ಕೆಲವು ಬಿಟ್ರೆ ಬಾಕಿ ಎಲ್ಲ ಬಂದ್. ಸುರುವಾಣ ವಾರ ಇವ ಶನಿವಾರ ಒರಗಿ, ಆದಿತ್ಯವಾರ ಅಕ್ಕಿ ತಪ್ಪಲೆ ಹೋದ. ಬಾಗಿಲು ಹಾಕಿತ್ತು. ಆ ದಿನ ಮೂರು ಹೊತ್ತೂ ಅವಲಕ್ಕಿಗೆ ನೀರು ತಳುದು ಉಪ್ಪಿನಕಾಯಿ ಹಾಕಿ ತಿಂದಡ. ಪಡೀಲಿಲಿ ಇರುಳು ಹತ್ತು ಗಂಟಗೆ ಹಾಲು ಮುಗುದರೂ ಮಾರ್ಗದ ಕರೆಂಗೆ ಹೋದರೆ ಸಿಕ್ಕುತ್ತು. ಮನೆಲಿ ಎಂತ ಇದ್ದು, ಎಂತ ಮುಗಿವಲಾತು, ನಾಳಂಗೆ ಎಂತ ಹೇಳ್ತ ಲೆಕ್ಕ ನಮ್ಮ ತಲೆಲಿ ಇರ್ತು, ಅದರ ಆರೂ ಕೆಲಸ ಹೇಳಿ ಹೇಳ್ತವಿಲ್ಲೆ. ಇವಂಗೆ ಆ ಲೆಕ್ಕ ಹೇಳಿ ಒಂದು ಇದ್ದು ಹೇಳಿಯೇ ಗೊಂತಿತ್ತಿಲ್ಲೆ.

ಫೋನು ಮಾಡುವಗ ಪಾಠದ ಶುದ್ದಿ ಕಮ್ಮಿ. "ಅಮ್ಮಾ, ಒಂದು ಗ್ಲಾಸು ಅಕ್ಕಿಗೆ ಎಷ್ಟು ನೀರು?" "ಅಮ್ಮಾ, ಸಾಸಮೆ ಹೊಟ್ಟಿದ ಮೇಲೆ ಮೆಣಸು ಹಾಕುದೊ ಮೊದಲೋ?" ಹೇಳಿ. ಒಂದು ಇರುಳು ಹತ್ತೂವರೆಗೆ ಇವ ಕುಕ್ಕರು ಮಡಗಿದ್ದು. ಅಲ್ಲಿ ಹತ್ತರ ಮೇಲೆ ಶಬ್ದ ಮಾಡ್ಲಾಗ. ಸುರುವಾಣ ಸೀಟಿಗೇ ಆಚ ಕೋಣೆಯ ಸ್ಪೇನಿನ ಹುಡುಗ ಹೆದರಿ ಹೆರ ಓಡಿ ಬಂದನಡ. ಮರುದಿನಂದ ಹೊತ್ತೋಪಗಳೇ ಅಶನ ಬೇಶುಲೆ ಕಲ್ತ.

ಆ ಅಡಿಗೆ ಕೋಣೆಯ ಗೋಡೆಲಿ ಒಂದು ಕಾಗದ ಅಂಟುಸಿತ್ತಿದ್ದವಡ. ಪುಟ್ಜ್‌ಪ್ಲಾನ್ ಹೇಳಿ ಹೆಸರು. ಯಾವ ವಾರ ಆರು ಬಚ್ಚಲು ತಿಕ್ಕೆಕ್ಕು, ಆರು ನೆಲ ಉದ್ದೆಕ್ಕು, ಆರು ಕಸ ಕೊಂಡೋಯೆಕ್ಕು ಹೇಳಿ. ಕಸವೂ ಒಂದೇ ತೊಟ್ಟಿ ಅಲ್ಲ. ಕಾಗದ ಬೇರೆ, ಪ್ಲಾಸ್ಟಿಕ್ಕಿನ ಕಟ್ಟುಗೊ ಹಳದಿ ತೊಟ್ಟಿಗೆ, ಅಡಿಗೆ ಕಸ ಬೇರೆ, ಗಾಜು ಬಣ್ಣಬಣ್ಣಕ್ಕೆ ಬೇರೆ, ಒಳುದ್ದು ಬೇರೆ. ಇವ ಸುರುವಿಂಗೆ ಎಲ್ಲವನ್ನೂ ಒಂದೇ ತೊಟ್ಟೆಲಿ ಕಟ್ಟಿ ಹಾಕಿಕ್ಕಿ ಬಂದ. ಮರುದಿನ ಉದಿಯಪ್ಪಗ ಆ ತೊಟ್ಟೆ ಇವನ ಕೋಣೆ ಬಾಗಿಲಿಲಿ ಇತ್ತಡ, ಮೇಲೆ ಒಂದು ಚೀಟಿ. ಆನು ಕೇಳಿ ನೆಗೆ ಮಾಡಿದೆ. ಇಲ್ಲಿ ಎಂಗೊಗೆ ಶುಕ್ರವಾರ ಒಣಕಸದ ಗಾಡಿ ಬತ್ತು, ಅದರ ದಿನ ನೆಂಪು ಮಡಗುದು, ಹಾಲಿನ ತೊಟ್ಟೆ ತೊಳದು ಒಣಗುಸುದು ಎಲ್ಲ ಆನೇ. ಮನೆಲಿ ನಾಲ್ಕು ಜೆನ ಇದ್ದರೂ ಅದು ಬಾಕಿಯವಕ್ಕೆ ಕಂಡಿದೇ ಇಲ್ಲೆ.

ನೀರಿನ ಪ್ಲಾಸ್ಟಿಕ್ ಕುಪ್ಪಿಗೆ ಅಲ್ಲಿ 25 ಸೆಂಟ್ ಠೇವಣಿ. ಖಾಲಿ ಕುಪ್ಪಿ ಅಂಗಡಿಯ ಮಿಶಿನಿಂಗೆ ಹಾಕಿರೆ ವಾಪಾಸು ಕೊಡ್ತು. ಇಪ್ಪತ್ತು ರೂಪಾಯಿಯ ಮೇಲೆ ಆತನ್ನೆ ಒಂದಕ್ಕೆ! ಇಲ್ಲಿ ಗುಜರಿಯವಂಗೆ ಕಿಲೋ ಲೆಕ್ಕಲ್ಲಿ ಕೊಡುವ ಎನಗೆ ಇದು ಬಾರಿ ಲಾಯ್ಕ ಕಂಡತ್ತು. ಮಗ ವಾರಕ್ಕೊಂದರಿ ಕುಪ್ಪಿ ಕೊಂಡೋಗಿ ಆ ಪೈಸಗೆ ಬ್ರೆಡ್ ತೆಕ್ಕೊಂಡು ಬಂದೊಂಡಿತ್ತಿದ್ದ.

ಅಕ್ಟೋಬರ್ 27ಕ್ಕೆ ಅಲ್ಲಿ ಗಡಿಯಾರವ ಒಂದು ಗಂಟೆ ಹಿಂದೆ ಮಾಡಿದವು. ವರ್ಷವೂ ಅಕ್ಟೋಬರಿನ ಅಕೇರಿ ಆದಿತ್ಯವಾರ ಹಾಂಗೆ ಮಾಡ್ತವು. ನವಗೂ ಅವಕ್ಕೂ ಮೂರೂವರೆ ಗಂಟೆ ಇತ್ತಿದ್ದ ವ್ಯತ್ಯಾಸ ಅಂದಿಂದ ನಾಲ್ಕೂವರೆ. ಅವ ದಿನಾಗಿಯೂ ಅಲ್ಲ್ಯಾಣ ಐದೂವರೆಗೆ ಮಾಡುದು, ಎನಗೆ ಒಂಬತ್ತಾವುತ್ತು. ಆ ದಿನ ಒಂಬತ್ತಾತು, ಒಂಬತ್ತೂವರೆ ಆತು, ಫೋನಿಲ್ಲೆ. ಇವು ಒರಗಿದವು. ಆನು ಫೋನಿನ ಕೈಲಿ ಹಿಡ್ಕೊಂಡು ಜೆಗಿಲಿಲಿ ಕೂದೆ. ಹತ್ತು ಗಂಟಗೆ ಬಂತು. ಅವಂಗೆ ಎಂತ ಗೊಂತು, ಅವನ ಗಡಿಯಾರಲ್ಲಿ ಐದೂವರೆಯೇ.

ದಶಂಬರಿಲಿ ಅಲ್ಲಿ ನಾಲ್ಕು ಗಂಟಗೆ ಕಸ್ತಲೆ ಅಪ್ಪದು. ಉದಿಯಪ್ಪಗ ಎಂಟಾದರೂ ಬೆಣಚ್ಚಿಲ್ಲೆ. ಏಳೂವರೆಯ ಕ್ಲಾಸಿಂಗೆ ಕಸ್ತಲೆಲೇ ಹೋಯೆಕ್ಕು. ಆ ತಿಂಗಳು ಅವನ ಮಾತು ಕಮ್ಮಿ ಆತು. "ಎಂತ ಆತು?" ಕೇಳಿರೆ "ಎಂತ ಇಲ್ಲೆ." ಜನವರಿಲಿ ಮೂರು ದಿನ ಜ್ವರ ಬಂದದು ಎನಗೆ ಗೊಂತಾದ್ದು ಅವ ಗುಣ ಆದ ಮೇಲೆ. ಹೇಂಗೆ ಸುದರ್ಸಿದೆ ಕೇಳಿದೆ. ಒಬ್ಬನೇ ಎದ್ದು ಹೆಜ್ಜೆ ಬೇಶಿ ಉಪ್ಪಿನಕಾಯಿ ಹಾಕಿ ಉಂಡನಡ. ಆಚ ಕೋಣೆಯ ವಿಯೆಟ್ನಾಮಿನ ಕೂಸು ಒಂದು ಹೊತ್ತು ಸೂಪು ಮಾಡಿ ಬಾಗಿಲಿಲಿ ಮಡಗಿಕ್ಕಿ ಹೋತಡ. ಆ ಕೂಸಿನ ಆನು ಇಷ್ಟರವರೆಗೆ ಕಂಡಿದಿಲ್ಲೆ. ಅದರ ಅಬ್ಬೆಯೂ ಎಲ್ಲಿಯೋ ಫೋನು ಹಿಡ್ಕೊಂಡು ಕೂದಿಕ್ಕು.

ಫೆಬ್ರವರಿಲಿ ಪಾಠ ಮುಗುದು ಪರೀಕ್ಷೆ ಆತು. ಒಂದರಲ್ಲಿ 1.7 ಬಂತು ಹೇಳಿದ. ಎನ್ನ ಎದೆ ಧಸಕ್ಕ ಆತು, ಹತ್ತರಲ್ಲಿ ಒಂದೂಮುಕ್ಕಾಲೊ ಹೇಳಿ. ಅಲ್ಲಿ 1 ಹೇಳಿರೆ ಎಲ್ಲಕ್ಕಿಂತ ಮೇಲೆ, 4ರವರೆಗೆ ಪಾಸು, 5 ಫೈಲಡ. ಇದು ಮೊದಲೇ ಹೇಳ್ಲಾಗದೊ?

ಈಗ ಮುಖ್ಯದ್ದಕ್ಕೆ ಬತ್ತೆ. ನವೆಂಬರಿಲಿ ಒಂದು ದಿನ ಅವ ತೊಂಡೆಕಾಯಿ ಸಿಕ್ಕದ್ದ ಕಾರಣ ಕ್ಯಾರೆಟ್ ಹಾಕಿ ಕೊದಿಲು ಮಾಡಿ, ಅಶನದ ಒಟ್ಟಿಂಗೆ ಬಟ್ಳಿಲಿ ಬಳುಸಿ, ಪಟ ತೆಗದು ಮನೆಯವರ ವಾಟ್ಸಪ್ಪಿಂಗೆ ಹಾಕಿದ. ಅಬ್ಬಬ್ಬಾ! ಚಿಕ್ಕಮ್ಮಂದ್ರು, ಅತ್ತೆಕ್ಕೊ, ಭಾವಂದ್ರು, ಎಲ್ಲೋರಿಂದೂ ಚಪ್ಪಾಳೆ. "ಮಾಣಿ ಎಷ್ಟು ಹುಷಾರಿ ಆಯಿದ", "ಇನ್ನು ಮದುವೆ ಮಾಡ್ಲಕ್ಕು" ಹೇಳಿ. ಆನುದೇ ನಾಲ್ಕು ಚಪ್ಪಾಳೆ ಹಾಕಿದೆ, ಸುಳ್ಳು ಹೇಳ್ತಿಲ್ಲೆ. ಮಗಳು ಮಾಂತ್ರ ಎಂತದೂ ಬರದ್ದಿಲ್ಲೆ. ಇರುಳು ಅದರ ಫೋನು ಬಂತು. "ಅಮ್ಮಾ, ಆನು ಏಳನೇ ಕ್ಲಾಸಿಲಿ ಇಪ್ಪಗ, ನಿನ್ನ ಆಪರೇಶನ್ ಆದಪ್ಪಗ, ಹದಿನೈದು ದಿನ ಮನೆಯವಕ್ಕೆಲ್ಲ ಅಶನ ಬೇಶಿ ತೆಳಿ ಬಾಗುಸಿದೆ. ಕೈ ಸುಟ್ಟಿತ್ತು. ಆರಾರೂ ಪಟ ತೆಗದವೊ?" ಹೇಳಿತ್ತು. ಪಿಸುರಿಲ್ಲಿ ಹೇಳಿದ್ದಲ್ಲ, ನೆಗೆ ಮಾಡಿಗೊಂಡೇ ಹೇಳಿತ್ತು. ಮತ್ತೆ ರಜ ಹೊತ್ತು ಸುಮ್ಮನೆ ಇದ್ದು, "2018ರಲ್ಲಿ ಎನ್ನ ಕಳುಸಿದ್ದರೆ ನಿನಗೆ ಅಶನಕ್ಕೆ ಎಷ್ಟು ನೀರು ಹೇಳಿ ಹೇಳುವ ಕೆಲಸವೇ ಇರ್ತಿತ್ತಿಲ್ಲೆ" ಹೇಳಿತ್ತು.

ಅದು ಅಪ್ಪು. ಮಗಳು ಎಂ.ಎಸ್ಸಿ. ಮಾಡುವಗ ಅದಕ್ಕೂ ಒಂದು ಸೆಮಿಸ್ಟರ್ ಹೆರದೇಶಲ್ಲಿ ಪ್ರಾಜೆಕ್ಟ್ ಮಾಡುವ ಅವಕಾಶ ಬಂದಿತ್ತು. ಖರ್ಚಿಂಗೆ ರಜ ಸಹಾಯವೂ ಸಿಕ್ಕುತ್ತಿತ್ತು. ಎಂಗೊ ಬೇಡ ಹೇಳಿದೆಯೊ. ಕೂಸು ಒಂದೇ ಹೋಪದು ಹೇಂಗೆ, ಜಾತಕ ಹೆರ ಹಾಕಿದ್ದು, ಈಗ ಹೋದರೆ ನೋಡ್ಲೆ ಬಪ್ಪವು ಎಂತ ಗ್ರೇಶುಗು ಹೇಳಿ. ಹೇಳಿದ್ದು ಇವು, ಆದರೆ ಇವರ ಬಾಯಿಗೆ ಆ ಮಾತು ಹಾಕಿದ್ದು ಆನು. ಅದು ಒಂದು ದಿನ ಉಂಡಿದಿಲ್ಲೆ, ಎರಡನೇ ದಿನ ಎದ್ದು ಎಲ್ಲೋರಿಂಗೂ ದೋಸೆ ಎರದತ್ತು. ಆ ದೋಸೆಯ ಎಂಗೊ ತಿಂದೆಯೊ.

ಮಗಂಗೆ ಅದೇ ಅವಕಾಶ ಬಂದಪ್ಪಗ ಮನೆಲಿ ಒಂದೇ ಪ್ರಶ್ನೆ, ಪೈಸೆ ಹೇಂಗೆ ಹೊಂದುಸುದು ಹೇಳಿ. ಅವಂಗೆ ಅಲ್ಲಿ ಇಪ್ಪಲೆ ಎಡಿಗೊ ಹೇಳಿ ಒಬ್ಬನೂ ಕೇಳಿದ್ದವಿಲ್ಲೆ. ಮಗಳ ವಿಷಯಲ್ಲಿ ಪೈಸೆಯ ಮಾತಿಂಗೆ ಬಪ್ಪಲೇ ಎಂಗೊ ಬಿಟ್ಟಿದಿಲ್ಲೆ.

ಇದಕ್ಕೆ ನಿಂಗೊ ಹೇಳ್ಲಕ್ಕು, ಅಡಿಗೆ ಬತ್ತು ಹೇಳಿ ಕೂಸಿನ ಕಳುಸುಲೆ ಆವುತ್ತೊ, ಹೆದರಿಕೆ ಬೇರೆಯೇ ಅಲ್ಲದೋ ಹೇಳಿ. ಹೆದರಿಕೆ ಇಲ್ಲೆ ಹೇಳಿ ಆನು ಹೇಳ್ತಿಲ್ಲೆ. ಡ್ರೆಸ್ಡನಿಲಿ 2014ರಿಂದ ಪೆಗಿಡಾ ಹೇಳುವ ಗುಂಪು ಹೆರಂದ ಬಂದವು ಬೇಡ ಹೇಳಿ ಸೋಮವಾರ ಸೋಮವಾರ ಮೆರವಣಿಗೆ ಮಾಡಿಗೊಂಡಿತ್ತು. 2024ರ ಅಕ್ಟೋಬರಿಲಿ, ಇವ ಹೋದ ಮರುತಿಂಗಳೇ, ಅದು ನಿಂದತ್ತು. ಗುಂಪು ನಿಂದರೂ ಆ ಮನಸ್ಸು ಇಪ್ಪವು ಇರ್ತವನ್ನೆ. ಟ್ರಾಮಿಲಿ ಒಬ್ಬ ಮುದುಕ ಇವನತ್ರೆ ಪಿಸುರಿಲ್ಲಿ ಎಂತದೋ ಹೇಳಿದನಡ, ಭಾಷೆ ಗೊಂತಿಲ್ಲದ್ದ ಕಾರಣ ಪೂರ ಅರ್ಥ ಆಯಿದಿಲ್ಲೆ. ಆದರೆ ಈ ಹೆದರಿಕೆ ಮಾಣಿಗೂ ಅಷ್ಟೇ, ಕೂಸಿಂಗೂ ಅಷ್ಟೇ. ಅವನ ಕಳುಸುವಗ ಎಂಗೊ ಅದರ ಹುಡ್ಕಿಯೇ ಇತ್ತಿದ್ದಿಲ್ಲೆ. ಮತ್ತೆ ಇರುಳಿನ ಹೆದರಿಕೆ ಹೇಳಿರೆ, ಆಚಮನೆ ಕೂಸು ನಿತ್ಯ ಕಾಲೇಜಿಂದ ಬಸ್ಸಿಲಿ ಬಂದು, ಪಡೀಲಿಲಿ ಇಳುದು, ಮಳೆಗಾಲಲ್ಲಿ ಕಸ್ತಲೆಗೆ ಆ ರೈಲು ಸಂಕದ ಅಡಿಲಿ ನೀರು ನಿಂದಲ್ಲೆ ನೆಡದು ಬತ್ತು. ಅದರ ಆರೂ ಧೈರ್ಯ ಹೇಳಿ ಲೆಕ್ಕ ಹಾಕಿದ್ದವಿಲ್ಲೆ.

ಸಂಬಂಧದ ಮಾತು ಬೇರೆ. ಹೆರದೇಶಲ್ಲಿ ಓದಿದ ಕೂಸು ಹೊಂದುಗೊ ಹೇಳುವವರತ್ರೆ ಆನು ವಾಪಾಸು ಕೇಳ್ತೆ, ನಮ್ಮ ಮಾಣಿಯಂಗೊಕ್ಕೆ ಕೂಸು ಸಿಕ್ಕುತ್ತಿಲ್ಲೆ ಹೇಳಿ ಜೆಂಬ್ರಕ್ಕೆ ಹೋದಲ್ಲಿ ಎಲ್ಲ ಕೇಳ್ತು, ಈಗಾಣ ಕೂಸುಗೊ ಮಾಣಿಯ ಸಂಬಳ ಮಾಂತ್ರ ಕೇಳ್ತವೊ? ಉಂಡ ಬಟ್ಳು ಆರು ತೆಗೆತ್ತವು ಹೇಳಿಯೂ ನೋಡ್ತವು.

ಬಟ್ಳಿನ ವಿಷಯಕ್ಕೆ ಬಂದರೆ ಎನ್ನ ತಪ್ಪು ಹೇಳದ್ದೆ ಆಗ. ಮಾರ್ಚ್ ಅಕೇರಿಗೆ ಮಗ ಬಂದ. ಸುರುವಾಣ ದಿನ ಉಂಡಿಕ್ಕಿ ಬಟ್ಳು ತೆಕ್ಕೊಂಡು ಸೀದಾ ತೊಳವಲೆ ಹೋದ. ಎನ್ನ ಅತ್ತೆ "ಅಯ್ಯೋ ಮಗಾ, ಮಡಗು, ಮಡಗು" ಹೇಳಿದವು. ಆನು ಓಡಿ ಹೋಗಿ ಅವನ ಕೈಂದ ತೆಗದೆ. "ಅಲ್ಲಿ ಬಚ್ಚಿ ಬಯಿಂದೆ, ರಜ ಕೂರು" ಹೇಳಿದೆ. ಎರಡನೇ ದಿನವೂ ಹಾಂಗೇ. ಒಂದು ವಾರ ಅವ ಪ್ರಯತ್ನ ಮಾಡಿದ, ಒಂದು ವಾರ ಆನು ತೆಗದೆ. ಮತ್ತೆ ಅವ ಬಿಟ್ಟ. ಆರು ತಿಂಗಳಿಲಿ ಆ ಕಾಗದದ ಪಟ್ಟಿ ಕಲುಶಿದ್ದರ ಎಂಗೊ ಅತ್ತೆ-ಸೊಸೆ ಹತ್ತು ದಿನಲ್ಲಿ ಮರೆಶಿದೆಯೊ. ಪ್ರೀತಿಲೇ ಮಾಡಿದ್ದು, ಅದು ಅಪ್ಪು. ಮಗಳಿಂಗೆ ಆ ಪ್ರೀತಿ ಎಂತಕೆ ತೋರುಸಿದ್ದಿಲ್ಲೆ ಹೇಳಿ ಕೇಳಿರೆ ಎನ್ನತ್ರೆ ಉತ್ತರ ಇಲ್ಲೆ.

ಇಷ್ಟೆಲ್ಲ ಆಚಮನೆ ಅಕ್ಕನತ್ರೆ ಹೇಳಿದ್ದಿಲ್ಲೆ. "ಕಳುಸಿ ಅಕ್ಕಾ. ಪೈಸೆಯ ಲೆಕ್ಕ ಇವು ಬರದು ಕೊಡ್ತವು, ಅಜ್ಜಿಯತ್ರೆ ಆನು ಬಂದು ಮಾತಾಡ್ತೆ" ಹೇಳಿದೆ. ತುಪ್ಪ ಕಟ್ಟೆಡಿ ಹೇಳಿಯೂ ಹೇಳಿದೆ. ಅವು ಹೋಪಲೆ ಏಳುವಗ ಕಣ್ಣಿಲಿ ನೀರಿತ್ತು, ಅದು ಖುಷಿಗೋ ಹೆದರಿಕೆಗೋ ಗೊಂತಾಯಿದಿಲ್ಲೆ. ಮತ್ತೆ ಮಗಳಿಂಗೆ ಫೋನು ಮಾಡಿದೆ. ಆಚಮನೆ ಕೂಸು ಜರ್ಮನಿಗೆ ಹೋಪಲೆ ಇದ್ದು ಹೇಳಿದೆ. "ನೀನೆಂತ ಹೇಳಿದೆ ಅವರತ್ರೆ?" ಹೇಳಿ ಕೇಳಿತ್ತು. ಹೇಳಿದೆ. ರಜ ಹೊತ್ತು ಮಾತಿಲ್ಲೆ. "ಒಳ್ಳೆದಾತು" ಹೇಳಿತ್ತು. ಮಗುವಿಂಗೆ ಉಣುಸುಲೆ ಇದ್ದು ಹೇಳಿ ಫೋನು ಮಡಗಿತ್ತು.

ಆ ಬಟ್ಳಿನ ಆನು ಅಂದು ಮುಟ್ಟಿದ್ದಿಲ್ಲೆ. ಇರುಳು ಅತ್ತೆ ಎರಡು ಸರ್ತಿ ಅದರ ನೋಡಿದವು, ಎನ್ನ ಮೋರೆಯನ್ನೂ ನೋಡಿದವು. ಉದಿಯಪ್ಪಗ ಏಳುವಗ ಬಟ್ಳು ತೊಳದು ಕವುಂಚಿ ಮಡಗಿತ್ತು. ಮಾಣಿ ಆದಿಕ್ಕು, ಅತ್ತೆಯೂ ಆದಿಕ್ಕು. ಆನು ಕೇಳಿದ್ದಿಲ್ಲೆ.

ಆದಿತ್ಯವಾರ ಆಚಮನೆ ಕೂಸು ಬತ್ತು, ಮಗನತ್ರೆ ಅಲ್ಲ್ಯಾಣ ಶುದ್ದಿ ಕೇಳ್ಲೆ. ಅವ ವಾಪಾಸು ತಂದ ಕುಕ್ಕರಿನ ಅದಕ್ಕೆ ಕೊಡ್ಲೆ ತೆಗದು ಮಡಗಿದ್ದೆ. ರಬ್ಬರು ಸಡ್ಲ ಆಯಿದು. ನಾಳೆ ಹಂಪನಕಟ್ಟೆಗೆ ಹೋಪಗ ಒಂದು ಹೊಸತ್ತು ತರೆಕ್ಕು.